ತೊಟ್ಟಿ ಮುಟ್ಟಿ ಬನ್ನಿ

ಆ ಬೀದಿಯಲ್ಲಿ ಹೊಸ ಬೂಟು ಹೊಲಿಸಿಕೊಂಡವರು ದುಡ್ಡು ಕೊಡುವ ಮೊದಲು ನಡೆಯಬೇಕಿತ್ತು. ಅಂಗಡಿಯೊಳಗೆ ನಾಲ್ಕು ಹೆಜ್ಜೆ ಹಾಕಿ ಕನ್ನಡಿ ನೋಡಿಕೊಂಡರೆ ಸಾಲದು. ಬಾಗಿಲು ದಾಟಿ, ಕಲ್ಲುಹಾಸಿನ ಏರು ಹತ್ತಿ, ನಡುವಿನ ತಿರುವು ಕಳೆದು, ಮೇಲ್ತುದಿಯ ಕಲ್ಲಿನ ನೀರುತೊಟ್ಟಿಯನ್ನು ಕೈಯಿಂದ ಮುಟ್ಟಿ, ಅದೇ ಇಳಿಜಾರಿನಲ್ಲಿ ವಾಪಸು ಬರಬೇಕು. "ತೊಟ್ಟಿ ಮುಟ್ಟಿ ಬನ್ನಿ, ದುಡ್ಡಿನ ಮಾತು ಆಮೇಲೆ" ಎಂದು ಅಪ್ಪ ಹೇಳುತ್ತಿದ್ದರು. ಅವರ ಅಪ್ಪನೂ ಹಾಗೇ ಹೇಳುತ್ತಿದ್ದರಂತೆ. ಏರುವಾಗ ಹಿಮ್ಮಡಿ ಸಡಿಲವಿದ್ದರೆ ಗೊತ್ತಾಗುತ್ತದೆ, ಇಳಿಯುವಾಗ ಹೆಬ್ಬೆರಳು ಮುಂದಕ್ಕೆ ಗುದ್ದಿದರೆ ಗೊತ್ತಾಗುತ್ತದೆ, ತಿರುವಿನ ಉಬ್ಬುಕಲ್ಲುಗಳ ಮೇಲೆ ಬೂಟಿನಡಿಯ ಅಟ್ಟೆಯ ನಿಜವಾದ ಬುದ್ಧಿ ಗೊತ್ತಾಗುತ್ತದೆ. ಸಪಾಟು ನೆಲದ ಮೇಲೆ ಎಂಥ ಬೂಟಾದರೂ ಸಭ್ಯವಾಗಿಯೇ ನಡೆದುಕೊಳ್ಳುತ್ತದೆ.

ಹೊಸ ಅಟ್ಟೆಯ ಸದ್ದೇ ಬೇರೆ. ಅದು ಕಲ್ಲಿನ ಮೇಲೆ ಕೇಳಿಸಿದೊಡನೆ ಅಕ್ಕಪಕ್ಕದ ಅಂಗಡಿಯವರು ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ಬಟ್ಟೆ ಅಂಗಡಿಯ ಮಾವ ಗಜಕೋಲನ್ನು ಹೆಗಲ ಮೇಲಿಟ್ಟುಕೊಂಡು, "ಎಡಗಾಲು ಎಳೀತಿದೆ ಕಣ್ರೀ!" ಎಂದು ಕೂಗುತ್ತಿದ್ದರು. ಎದುರು ಸಾಲಿನ ಕನ್ನಡಕದ ಅಂಗಡಿಯವರು, "ಎಳೀತಿಲ್ಲ ಮಾವ, ಕಚ್ತಿದೆ. ಅವರ ಮುಖ ನೋಡಿ" ಎನ್ನುತ್ತಿದ್ದರು. ಗಿರಾಕಿಗೆ ಮೊದಲ ಸಲ ಮುಜುಗರ, ಎರಡನೆಯ ಸಲ ನಗು. ಮೂರನೆಯ ಸಲಕ್ಕೆ ತಾವೇ ನಿಂತು, "ಹೇಗಿದೆ, ಹೇಳ್ರಪ್ಪ" ಎಂದು ಕೇಳುವಷ್ಟು ಸಲಿಗೆ. ಬೂಟು ಸರಿಯಾಗಿದ್ದರೆ ಮಾತ್ರ ಯಾರೂ ಏನೂ ಹೇಳುತ್ತಿರಲಿಲ್ಲ. ಇಡೀ ಬೀದಿ ಸುಮ್ಮನಿದ್ದು ದಾಟಿಸಿ ಕಳಿಸುವುದೇ ಅಲ್ಲಿನ ಬಹುಮಾನ. ಆಗ ಅಪ್ಪ ಹೊಸ್ತಿಲಲ್ಲಿ ಕೂತಲ್ಲಿಂದಲೇ, "ಹಳೇದನ್ನ ಡಬ್ಬಿಗೆ ಹಾಕು" ಎನ್ನುತ್ತಿದ್ದರು. ಗಿರಾಕಿ ಹೊಸದನ್ನೇ ಮೆಟ್ಟಿಕೊಂಡು ಮನೆಗೆ ಹೋಗಲಿ ಎಂದರ್ಥ.

ಈಗ ಅಂಗಡಿ ನಡೆಸುವವಳು ಮಗಳು. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ಯಾರೂ ಕರೆಯದಿದ್ದರೂ ಅಪ್ಪನ ಮಣೆಯ ಪಕ್ಕ ಬಂದು ಕೂತವಳು. ಪಾದವನ್ನಷ್ಟೇ ಅಲ್ಲ, ಮಾತನ್ನೂ ಅಳೆದೇ ಆಡುತ್ತಾಳೆಂದು ಬೀದಿಯವರು ಅವಳಿಗೆ ಅಳತೆ ಅಕ್ಕ ಎಂದು ಹೆಸರಿಟ್ಟಿದ್ದರು. ಅವಳಿಗಿಂತ ಹಿರಿಯರೂ ಅಕ್ಕ ಎಂದೇ ಕರೆಯುತ್ತಿದ್ದರು. ವರ್ತಕರ ಸಂಘದ ಕಾರ್ಯದರ್ಶಿ ಪದವಿಯೂ ಅವಳಿಗೇ ಬಂದಿತ್ತು, ಬೇರೆ ಯಾರಿಗೂ ಬೇಡವಾಗಿದ್ದರಿಂದ.

ಬೀದಿ ಮಾತ್ರ ವರ್ಷದಿಂದ ವರ್ಷಕ್ಕೆ ಸೊರಗುತ್ತಿತ್ತು. ಊರಾಚೆ ದೊಡ್ಡ ಮಾಲ್ ಎದ್ದು, ಅದರ ಹೊಟ್ಟೆಯೊಳಗೇ ಕಾರು ನಿಲ್ಲಿಸಬಹುದಾಗಿತ್ತು. ಇಲ್ಲಿ ಕೆಳತುದಿಯಲ್ಲೇ ವಾಹನ ತಡೆಯುವ ಕಬ್ಬಿಣದ ಕಂಬಗಳು. ಕಾರಿನವರು ಹಿಂದಿನ ಮೈದಾನದಲ್ಲಿ ನಿಲ್ಲಿಸಿ, ಓಣಿ ಬಳಸಿಕೊಂಡು ನಡೆದು ಬರಬೇಕು. ಮುಚ್ಚಿದ ಬಾಗಿಲುಗಳ ಮೇಲೆ ‘ಬಾಡಿಗೆಗಿದೆ’ ಎಂಬ ಫಲಕ ಬಿಸಿಲಿಗೆ ಬಣ್ಣ ಕಳೆದುಕೊಂಡಿತ್ತು. ಮಾಲ್‌ನವರು ಅಳತೆ ಅಕ್ಕನಿಗೂ ಹೇಳಿ ಕಳಿಸಿದ್ದರು: ಕೈಯಿಂದ ಹೊಲಿದ ಬೂಟಿಗೆ ಒಳ್ಳೆಯ ಜಾಗ ಇಟ್ಟಿದ್ದೇವೆ, ಮುಂದಿನ ತಿಂಗಳ ಕೊನೆಯೊಳಗೆ ಹೂಂ ಅಥವಾ ಉಹೂಂ ಹೇಳಿ.

ಅವಳು ಎರಡನ್ನೂ ಹೇಳಿರಲಿಲ್ಲ. ಬೀದಿಗೆ ಜೀವ ಬಂದರೆ ಇಲ್ಲೇ, ಬಾರದಿದ್ದರೆ ಅಲ್ಲಿಗೆ. ಹಾಗೆಂದು ಮನಸ್ಸಿನಲ್ಲೇ ಗೆರೆ ಎಳೆದುಕೊಂಡಿದ್ದಳು. ಅಪ್ಪನಿಗೆ ಇದು ಗೊತ್ತಿತ್ತು.

ಆ ಹೊತ್ತಿಗೇ ಹೆಡ್‌ಮೇಡಂ ಫೋನು ಮಾಡಿದ್ದು. ಹುಡುಗಿಯರ ಶಾಲೆಯನ್ನು ಬಹುಕಾಲ ಆಳಿ ನಿವೃತ್ತರಾದವರು. ಹುಟ್ಟಿನಿಂದ ಅವರ ಬಲಗಾಲು ಎಡಗಾಲಿಗಿಂತ ಗಿಡ್ಡ. ಲಂಗ ತೊಡುವ ವಯಸ್ಸಿನಿಂದ ಅವರಿಗೆ ಅಟ್ಟೆ ಏರಿಸಿದ ಬೂಟು ಹೊಲಿದುಕೊಟ್ಟವರು ಅಪ್ಪ. ಪ್ರತಿ ಜೊತೆಯನ್ನೂ ಮೆಟ್ಟಿ ಅವರು ತೊಟ್ಟಿ ಮುಟ್ಟಿ ಬಂದಿದ್ದರು. ಅಂಗಡಿಗೆ ಬಾರದೆ ಈಗ ತುಂಬಾ ದಿನವಾಗಿತ್ತು.

"ಮೊಣಕಾಲು ಕೈ ಕೊಟ್ಟಿದೆಯಮ್ಮ" ಎಂದರು. "ಮೈದಾನದಿಂದ ನಿಮ್ಮ ಅಂಗಡಿಗೆ ಬರೋವಷ್ಟರಲ್ಲಿ ನನ್ನ ಕಥೆ ಮುಗಿಯುತ್ತೆ. ಕಾರು ಬಾಗಿಲವರೆಗೂ ಬರೋ ಹಾಗಿದ್ರೆ ಬರ್ತಿದ್ದೆ. ಈ ಹಳೇ ಬೂಟಂತೂ ನನ್ನ ಹಾಗೇ ಒಂದು ಕಡೆ ವಾಲಿದೆ."

ಅಳತೆ ಅಕ್ಕನಿಗೆ ಬೇಕಾದ್ದು ಸಿಕ್ಕಿತು. ಸಂಘದಲ್ಲಿ ಎದ್ದು ನಿಂತು, "ಕಂಬ ತೆಗೆಸೋಣ. ಕಾರು ಒಳಗೆ ಬರಲಿ. ಒಂದು ತಿಂಗಳು ಪರೀಕ್ಷೆ ಮಾಡಿ ನೋಡೋಣ" ಎಂದಳು. ಬಟ್ಟೆ ಮಾವ ಕುಣಿದಾಡಿ ಒಪ್ಪಿದರು. ಕನ್ನಡಕದವರು ಒಪ್ಪಿದರು. ಪುರಸಭೆಯವರೂ ಅಚ್ಚರಿಯೆಂಬಂತೆ ಒಪ್ಪಿದರು. ಒಪ್ಪದವರು ಒಬ್ಬರೇ.

"ಗಿರಾಕಿ ಎಲ್ಲಿ ನಡೀಬೇಕು?" ಎಂದರು ಅಪ್ಪ, ಹೊಸ್ತಿಲಲ್ಲಿ ಕೂತು.

"ಪಕ್ಕದಲ್ಲಿ ನಡೀಲಿ ಅಪ್ಪ. ಇಲ್ಲದಿದ್ರೆ ಅಂಗಡಿ ಒಳಗೇ ನಡೀಲಿ."

"ಅಂಗಡಿ ಒಳಗೆ ನಾನೂ ಹುಡುಗನ ಹಾಗೆ ನಡೀತೀನಿ."

"ನಡೆಯೋಕೆ ಮೊದಲು ಗಿರಾಕಿ ಬರಬೇಕಲ್ಲ? ಬಾರದೇ ಇರೋರನ್ನ ಎಲ್ಲಿ ನಡೆಸ್ತೀಯ?"

ಅವಳ ಮಾತೂ ಸುಳ್ಳಾಗಿರಲಿಲ್ಲ.

ಕಂಬ ಕಿತ್ತ ಮೊದಲ ಬೆಳಿಗ್ಗೆ ಬೀದಿ ನೋಡಲು ಎರಡು ಕಣ್ಣು ಸಾಲದು ಎನ್ನುವ ಹಾಗಿತ್ತು. ಬಾಗಿಲು ತೆರೆಯುವ ಹೊತ್ತಿಗಾಗಲೇ ಎರಡೂ ಬದಿಯಲ್ಲಿ ಕಾರುಗಳು ಮೂತಿಗೆ ಬಾಲ ತಾಗಿಸಿ ನಿಂತಿದ್ದವು. ಕೆಂಪು, ಬಿಳಿ, ಬೂದಿ. ಅಳತೆ ಅಕ್ಕನ ನೀಲಿ ವ್ಯಾನೂ ಅಂಗಡಿಯ ಮುಂದೆಯೇ ಇತ್ತು. ಚರ್ಮದ ಸುರುಳಿ ತರುವ ವ್ಯಾನು ಅದು. ಮೊದಲ ದಿನ ಬೀದಿ ಬಣಗುಡಬಾರದೆಂದು ಅವಳೇ ಮುಂಚಿತವಾಗಿ ತಂದು ನಿಲ್ಲಿಸಿದ್ದಳು. ಖಾಲಿ ಹೋಟೆಲಿಗೆ ಯಾರೂ ನುಗ್ಗುವುದಿಲ್ಲವಷ್ಟೆ.

"ನೋಡ್ದೇನಮ್ಮಾ ಅಳತೆ!" ಎಂದು ಬಟ್ಟೆ ಮಾವ ತಮ್ಮ ಬಾಗಿಲಿನಿಂದ ಕೂಗಿದರು. "ಸೂಜಿ ಎಸೆದರೆ ನೆಲಕ್ಕೆ ಬೀಳಲ್ಲ! ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು!"

ಅವಳ ಎದೆ ಉಬ್ಬಿತು. ಅಂದು ಮಧ್ಯಾಹ್ನ ಹೆಡ್‌ಮೇಡಂ ಬೂಟಿಗೆ ಚರ್ಮ ಕತ್ತರಿಸಿದಳು. ಅಪ್ಪನ ಬೆರಳು ಈಚೆಗೆ ನಡುಗುತ್ತಿದ್ದುದರಿಂದ ಅಟ್ಟೆ ಏರಿಸಿದ ಜೊತೆಯನ್ನು ಮೊದಲ ಬಾರಿಗೆ ಅವಳೇ ಹೊಲಿಯಬೇಕಿತ್ತು. ಅದು ಸಲೀಸಿನ ಕೆಲಸವಲ್ಲ. ಅಟ್ಟೆಯನ್ನು ಬರೀ ದಪ್ಪ ಮಾಡಿದರೆ ಕಾಲು ಇಟ್ಟಿಗೆ ಕಟ್ಟಿಕೊಂಡಂತೆ ಬೀಳುತ್ತದೆ. ತೆಳು ಪದರಗಳನ್ನು ಒಂದರ ಮೇಲೊಂದು ಕೂಡಿಸಿ, ಬೆರಳ ಬುಡದಲ್ಲಿ ಬಾಗುವಂತೆ ಕೆತ್ತಿ, ತೂಕ ಕದಿಯಬೇಕು. ಅಂಗಡಿಯಲ್ಲೇ ಇದ್ದ ಅವರ ಮರದ ಪಾದದಚ್ಚಿನ ಮೇಲೆ ಚರ್ಮ ಎಳೆದು ಮೊಳೆ ಹೊಡೆಯುವಾಗ ಅಪ್ಪ ಪಕ್ಕದಲ್ಲೇ ಕೂತಿದ್ದರು, ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು. ಹಾಗೆ ಇಟ್ಟುಕೊಳ್ಳದಿದ್ದರೆ ಅದು ತಾನಾಗಿ ಸುತ್ತಿಗೆಯ ಕಡೆ ಹೋಗುತ್ತಿತ್ತು.

ದಿನಗಳು ಕಳೆದವು. ಬೀದಿ ಪ್ರತಿ ಬೆಳಿಗ್ಗೆಯೂ ತುಂಬುತ್ತಿತ್ತು. ಗಲ್ಲಾಪೆಟ್ಟಿಗೆ ಮಾತ್ರ ಅದಕ್ಕೆ ಓಗೊಡಲಿಲ್ಲ. "ಆಗುತ್ತೆ, ಆಗುತ್ತೆ" ಎಂದರು ಬಟ್ಟೆ ಮಾವ. "ಮೊದಲು ಕಾರು ಬರುತ್ತೆ, ಗಿರಾಕಿ ಹಿಂದೆ ಬರ್ತಾರೆ."

"ಕಾರಿನಲ್ಲಿ ಕೂತು ತಾನೇ ಬರಬೇಕು ಮಾವ, ಹಿಂದೆ ಯಾಕೆ ಬರ್ತಾರೆ?" ಎಂದರು ಕನ್ನಡಕದವರು. ಎಲ್ಲರೂ ನಕ್ಕರು. ಅಳತೆ ಅಕ್ಕನೂ ನಕ್ಕಳು. ಆ ಮಾತು ಮಾತ್ರ ಬೂಟಿನೊಳಗಿನ ಹರಳಿನ ಹಾಗೆ ಅವಳೊಳಗೆ ಉಳಿಯಿತು.

ಹೆಡ್‌ಮೇಡಂ ಬಂದು ಮೆಟ್ಟಿ ನೋಡುವ ದಿನ ಬಂತು. ಬೂಟಿನ ಜೊತೆ ಗಾಜಿನ ಪೆಟ್ಟಿಗೆಯ ಮೇಲೆ ಮಿರುಗುತ್ತಿತ್ತು. ಅಪ್ಪ ಒಗೆದ ಅಂಗಿ ಹಾಕಿಕೊಂಡಿದ್ದರು. ಬೆಳಿಗ್ಗೆ ಕಾದರು, ಊಟ ತಳ್ಳಿ ಕಾದರು. ಯಾರೂ ಬರಲಿಲ್ಲ. ಬೀದಿಯಲ್ಲಿ ಹಾರನ್ನುಗಳ ಗಲಾಟೆ ಆಗಾಗ ಏಳುತ್ತಿತ್ತು, ಅಡಗುತ್ತಿತ್ತು. ಸಂಜೆ ಫೋನು ಬಂತು.

"ಬಂದಿದ್ದೆನಮ್ಮ" ಎಂದರು ಹೆಡ್‌ಮೇಡಂ. ದನಿಯಲ್ಲಿ ದಣಿವಿತ್ತು. "ತಮ್ಮನ ಮಗ ಕಾರು ಓಡಿಸ್ತಿದ್ದ. ಮೇಲೆ ಹೋಗಿ, ತೊಟ್ಟಿ ಸುತ್ತಿ, ಮತ್ತೆ ಕೆಳಗೆ ಬಂದು, ಮತ್ತೆ ಮೇಲೆ. ನಿಲ್ಲಿಸೋಕೆ ಒಂದು ಗೇಣು ಜಾಗ ಇಲ್ಲ. ನಡುಬೀದೀಲಿ ಇಳಿಯೋಣ ಅಂದ್ರೆ ಹಿಂದಿನವರು ಹಾರನ್ ಹೊಡೆದು ಪ್ರಾಣ ತೆಗೀತಾರೆ. ನಿಮ್ಮ ಬಾಗಿಲ ಮುಂದೇನೇ ಒಂದು ನೀಲಿ ವ್ಯಾನ್ ಇತ್ತಲ್ಲ, ಈಗ ಹೊರಡುತ್ತೆ, ಆಗ ಹೊರಡುತ್ತೆ ಅಂತ ಕಾದ್ವಿ. ಯಾರ ಪುಣ್ಯಾತ್ಮರದೋ, ಬೇರು ಬಿಟ್ಟಿತ್ತು."

ಅಳತೆ ಅಕ್ಕ ಫೋನು ಕೆಳಗಿಟ್ಟು ಬಾಗಿಲಿಗೆ ಬಂದಳು. ಪುಣ್ಯಾತ್ಮಳ ವ್ಯಾನು ಅಲ್ಲೇ ಇತ್ತು. ಮೊದಲ ದಿನ ಬೀದಿಯ ಚಂದಕ್ಕೆಂದು ನಿಲ್ಲಿಸಿದವಳು ಎರಡನೆಯ ದಿನ ಅಭ್ಯಾಸಕ್ಕೆಂದು ನಿಲ್ಲಿಸಿದ್ದಳು, ಮೂರನೆಯ ದಿನದಿಂದ ಯೋಚಿಸುವುದನ್ನೇ ಬಿಟ್ಟಿದ್ದಳು. ಯಾರಿಗಾಗಿ ಬೀದಿಯ ಬಾಯಿ ತೆರೆಸಿದ್ದಳೋ ಅವರ ಜಾಗದಲ್ಲಿ ತಾನೇ ಕಾಲು ಚಾಚಿ ಕೂತಿದ್ದಳು.

ಆಮೇಲೆ ಅವಳು ಮಾಡಿದ್ದು, ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸ. ಹೊಸ್ತಿಲಲ್ಲಿ ಅಪ್ಪನ ಪಕ್ಕ ಕೂತು, ಅಂಗಡಿ ಮುಚ್ಚುವ ಹೊತ್ತಿನಲ್ಲಿ ಯಾವ ಕಾರಿಗೆ ಯಾರು ಬರುತ್ತಾರೆ ಎಂದು ನೋಡಿದಳು. ಬೂದಿ ಬಣ್ಣದ ಉದ್ದ ಕಾರಿಗೆ ಬಟ್ಟೆ ಮಾವ ಬಂದರು. ಅದರ ಹಿಂದಿನದಕ್ಕೆ ಮಾವನ ಮಗ. ಬಿಳಿಯದಕ್ಕೆ ಕನ್ನಡಕದವರು, ಗಾಜನ್ನು ಕರವಸ್ತ್ರದಿಂದ ಒರೆಸಿ ಕೂತು ಹೊರಟರು. ಕೆಂಪಿನದಕ್ಕೆ ಬ್ರೆಡ್ಡಿನ ಅಂಗಡಿಯಾಕೆ. ಬೀದಿ ಒಂದು ತುದಿಯಿಂದ ಬಿಚ್ಚಿಕೊಳ್ಳುತ್ತಾ ಹೋಯಿತು, ದಾರ ಕಿತ್ತ ಹೊಲಿಗೆಯ ಹಾಗೆ.

"ಮನೆಯವರೇ ಮೊದಲ ಪಂಕ್ತಿಗೆ ಕೂತುಬಿಟ್ಟಿದ್ದೀವಿ ಅಪ್ಪ" ಎಂದಳು. "ನೆಂಟರಿಗೆ ಎಲೆಯೇ ಇಲ್ಲ."

ಅಪ್ಪ ಗಹಗಹಿಸಿ ನಕ್ಕರು. ನಕ್ಕು ಮುಗಿಸಿ, "ನಾಳೆ ಸಭೆ ಅಲ್ಲವಾ?" ಎಂದರು.

"ಹೂಂ. ಕಂಬ ಶಾಶ್ವತವಾಗಿ ತೆಗೀಬೇಕು ಅಂತ ನಾನೇ ಮಂಡಿಸಬೇಕು."

"ಮಂಡಿಸ್ತೀಯಾ?"

"ನಾನು ತಪ್ಪಿದ್ದು ಎಲ್ಲಿ ಅಂತ ಮೊದಲು ಮಂಡಿಸ್ತೀನಿ."

ಅಪ್ಪ ಅವಳ ಮುಖವನ್ನೊಮ್ಮೆ ನೋಡಿ ಅಭ್ಯಾಸದಂತೆ ತೊಡೆಯ ಕೆಳಗಿಟ್ಟಿದ್ದ ಕೈ ತೆಗೆದರು.

ಸಭೆ ಸೇರಿದ್ದು ಬಟ್ಟೆ ಅಂಗಡಿಯ ಮಹಡಿಯ ಕೋಣೆಯಲ್ಲಿ, ಸುತ್ತಿಟ್ಟ ಥಾನುಗಳ ನಡುವೆ. ಮಾವ ಹೊಸ ಅಂಗಿ ತೊಟ್ಟು ಮದುವೆ ಮನೆಯ ಯಜಮಾನನಂತೆ ಓಡಾಡುತ್ತಿದ್ದರು. "ಮಾತೇ ಬೇಡ. ಕಿಟಕಿಯಿಂದ ನೋಡಿ. ಬೀದಿ ತುಂಬಿದೆ. ಸಹಿ ಹಾಕಿ ಕಳಿಸೋಣ."

"ಮಾವ, ಒಂದು ಪ್ರಯೋಗ ಬಾಕಿ ಇದೆ" ಎಂದಳು ಅಳತೆ ಅಕ್ಕ.

"ಶುರುವಾಯ್ತಪ್ಪ ಇವಳ ಕಾಲೇಜು!"

"ಸಣ್ಣದು. ನನ್ನ ಅಂಗಡಿ ಮುಂದಿರೋ ನೀಲಿ ವ್ಯಾನ್ ನನ್ನದೇ. ನಿನ್ನೆ ಹೆಡ್‌ಮೇಡಂ ಬಂದು, ನಿಲ್ಲಿಸೋಕೆ ಜಾಗ ಇಲ್ಲದೆ ಸುತ್ತಿ ಸುತ್ತಿ ವಾಪಸು ಹೋದ್ರು. ಜಾಗ ಹಿಡಿದಿದ್ದು ನಾನು. ಅದನ್ನ ಈಗ ಹೋಗಿ ಮೈದಾನದಲ್ಲಿಟ್ಟು ಬರ್ತೀನಿ. ಈ ಬೀದೀಲಿ ತಮ್ಮದೂ ಒಂದು ನಿಂತಿದೆ ಅನ್ನೋರು ಯಾರಾದ್ರೂ ಇದ್ರೆ ನನ್ನ ಜೊತೆ ಬನ್ನಿ. ಎಲ್ಲರೂ ವಾಪಸು ಬಂದಮೇಲೆ ಕಿಟಕಿಯಿಂದ ನೋಡೋಣ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಒಬ್ಬೊಬ್ಬರ ಕೈಯೂ ಕೀ ಇದ್ದ ಜೇಬಿನ ಕಡೆ ಹೋಯಿತು. ಮೊದಲು ಎದ್ದವರು ಕನ್ನಡಕದವರು. "ನಂದು ಒಂದೇ ಅಂದ್ಕೊಂಡಿದ್ದೆ ಕಣ್ರೀ" ಎಂದು ಗೊಣಗಿದರು. ಬ್ರೆಡ್ಡಿನಂಗಡಿಯಾಕೆ, "ನಾನೂ ಹಾಗೇ ಅಂದ್ಕೊಂಡಿದ್ದೆ" ಎಂದಳು. ಕುರ್ಚಿಗಳು ಕಿರುಗುಟ್ಟಿದವು. ಬೀದಿಯಲ್ಲಿ ಒಂದರ ಹಿಂದೊಂದು ಎಂಜಿನ್ನುಗಳು ಕೆಮ್ಮಿದವು. ಮಾವ ಕೊನೆಗೆ ಎದ್ದರು.

"ಎರಡೂ ತೆಗೀಬೇಕಾ?" ಎಂದರು ಸಣ್ಣ ದನಿಯಲ್ಲಿ.

"ಮಗನದೂ ಸೇರಿ ಮಾವ."

ಎಲ್ಲರೂ ಓಣಿ ಬಳಸಿಕೊಂಡು ಏದುಸಿರು ಬಿಡುತ್ತ ವಾಪಸು ಬಂದಾಗ ಬೀದಿ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಕಲ್ಲುಹಾಸು ಮೇಲಿನ ತೊಟ್ಟಿಯವರೆಗೂ ಕಾಣುತ್ತಿತ್ತು. ಉಳಿದದ್ದು ಒಂದೇ ಒಂದು ಕಪ್ಪು ಕಾರು, ಅಳತೆ ಅಕ್ಕನ ಅಂಗಡಿಯ ಹತ್ತಿರ.

"ಒಂದಾದರೂ ಇದೆಯಲ್ಲ!" ಎಂದರು ಮಾವ, ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ. "ಆತ ಗಿರಾಕಿ!"

ಹೋಗಿ ನೋಡಿದರೆ ಅದು ಮಾಲ್‌ನ ವ್ಯವಸ್ಥಾಪಕರದು. ತಿಂಗಳ ಕೊನೆ ಬಂತೆಂದು ಉತ್ತರ ಕೇಳಲು ಬಂದಿದ್ದರು. ಬೀದಿಗೆ ಬೀದಿಯೇ ನಕ್ಕಿತು. ಮಾವನಂತೂ ಗಜಕೋಲು ಊರಿಕೊಂಡು ಕಣ್ಣೀರು ಬರುವಷ್ಟು ನಕ್ಕರು. ಪಾಪ, ಆ ಸಜ್ಜನರಿಗೆ ಏನೂ ಅರ್ಥವಾಗದೆ, "ಇಲ್ಲಿ ಪಾರ್ಕಿಂಗ್ ಸಿಗಲ್ಲ ಅಂದಿದ್ರು, ಆರಾಮಾಗಿ ಸಿಕ್ತು" ಎಂದು ಇನ್ನಷ್ಟು ನಗಿಸಿದರು.

"ನಿಮ್ಮಲ್ಲಿ ಗಿರಾಕಿ ಬೂಟು ಹಾಕ್ಕೊಂಡು ನಡೆದು ನೋಡೋಕೆ ಏರು, ಇಳಿಜಾರು ಏನಾದ್ರೂ ಇದೆಯಾ?" ಎಂದು ಅಳತೆ ಅಕ್ಕ ಕೇಳಿದಳು.

"ಎಸ್ಕಲೇಟರ್ ಇದೆ ಮೇಡಂ."

ಅಪ್ಪ ಹೊಸ್ತಿಲಲ್ಲಿ ತಲೆ ತಗ್ಗಿಸಿದರು, ಅತಿಥಿಯ ಎದುರು ನಗಬಾರದೆಂದು. ಅವಳು ಅವರನ್ನು ನಾಳೆ ಸಂಜೆ ಹೇಳುತ್ತೇನೆಂದು ಕಳಿಸಿದಳು. ನಗುವಿನ ಭರದಲ್ಲಿ ಹೇಳುವ ಉಹೂಂ ಕೂಡ ಅಳೆಯದ ಮಾತೇ.

ಸಭೆ ಮತ್ತೆ ಕೂತಿತು. ಈಗ ಮಾವನ ದನಿಯಲ್ಲಿ ಸೋಲಿತ್ತು. "ಹಾಗಾದ್ರೆ ಕಾರಿನಿಂದ ಬೀದಿ ಬದುಕಲ್ಲ ಅಂತಾಯ್ತು."

"ಹಾಗೆ ಹೇಳೋಕೆ ಬರಲ್ಲ ಮಾವ. ನಮ್ಮ ಕಾರಿನಿಂದ ಬದುಕಲ್ಲ ಅಂತ ಮಾತ್ರ ಗೊತ್ತಾಯ್ತು. ಗಿರಾಕಿಯ ಕಾರನ್ನ ನಾವು ಒಳಗೆ ಬಿಟ್ಟೇ ಇಲ್ಲವಲ್ಲ. ಪರೀಕ್ಷೆ ಕೆಟ್ಟಿದ್ದು ನನ್ನಿಂದ."

"ಮತ್ತೆ ಏನು ಮಾಡೋಣ ಅಂತೀಯ?"

"ನಡೆಯೋಕಾಗದೆ ಇರೋರಿಗೆ ಕೆಳತುದೀಲಿ ಕೆಲವು ಜಾಗ ಬಿಡೋಣ. ಅಲ್ಲಿಂದ ಮೇಲಕ್ಕೆ ಕಂಬ ಇರಲಿ. ನಮ್ಮದೆಲ್ಲ ಮೈದಾನಕ್ಕೆ. ಅಲ್ಲಿಂದ ಬರೋ ಓಣಿ ಗಬ್ಬು ನಾರ್ತಿದೆ, ಈಗ ನಡೆದು ಬಂದವರಿಗೆಲ್ಲ ಮೂಗಿಗೆ ಗೊತ್ತಾಗಿದೆ. ಅದಕ್ಕೆ ದೀಪ ಹಾಕಿಸೋಣ, ತೊಳೆಸೋಣ. ಇದರಿಂದ ವ್ಯಾಪಾರ ಏಳುತ್ತಾ? ನನಗೆ ಗೊತ್ತಿಲ್ಲ. ನೋಡಬೇಕು."

ಕನ್ನಡಕದವರು ಏನೋ ಯೋಚಿಸುತ್ತಿದ್ದವರು ತಟ್ಟನೆ, "ನನ್ನ ಗಿರಾಕಿಗಳನ್ನೂ ತೊಟ್ಟಿವರೆಗೂ ಕಳಿಸಬಹುದಲ್ವಾ!" ಎಂದರು. "ಕತ್ತಲೆ ಕೋಣೇಲಿ ಅಕ್ಷರ ಓದೋದು ಎಲ್ಲ ಕಡೆ ಇದ್ದೇ ಇದೆ. ಹೊಸ ಕನ್ನಡಕ ಹಾಕ್ಕೊಂಡು ಬೀದಿ ಉದ್ದಕ್ಕೂ ಬೋರ್ಡು ಓದ್ಕೊಂಡು ಹೋಗಲಿ. ಮಾವನ ಹಳೇ ಬೋರ್ಡು ಓದಿದವರಿಗೆ ಜಗತ್ತಿನಲ್ಲಿ ಇನ್ನು ಓದೋಕಾಗದ್ದು ಇರಲ್ಲ."

"ನನ್ನ ಬೋರ್ಡಿಗೆ ಬಣ್ಣ ಹೊಡೆಸ್ತೀನಿ ಕಣಯ್ಯ, ತಡಿ!" ಎಂದರು ಮಾವ. ಅಷ್ಟರಲ್ಲಿ ಸೋಲು ಎಲ್ಲೋ ಹೋಗಿತ್ತು.

ಮಾರನೆಯ ಬೆಳಿಗ್ಗೆ, ಅಳತೆ ಅಕ್ಕ ರಾತ್ರಿಯೇ ಫೋನು ಮಾಡಿ ಕರೆದಿದ್ದಂತೆ, ಹೆಡ್‌ಮೇಡಂ ಕಾರು ಅಂಗಡಿಯ ಬಾಗಿಲಲ್ಲೇ ನಿಂತಿತು. ನೀಲಿ ವ್ಯಾನಿದ್ದ ಜಾಗ ಅದು. ಅವರು ಊರುಗೋಲು ಹಿಡಿದು ಇಳಿದರು, ಅಪ್ಪನನ್ನು ನೋಡಿ, "ಏನು ಯಜಮಾನ್ರೇ, ನಿಮಗೂ ವಯಸ್ಸಾಯ್ತಾ?" ಎಂದರು.

"ನಿಮ್ಮನ್ನ ನೋಡಿದ ಮೇಲೆ ಗೊತ್ತಾಯ್ತು ಮೇಡಂ" ಎಂದರು ಅಪ್ಪ.

ಅಳತೆ ಅಕ್ಕ ಮಂಡಿಯೂರಿ ಬೂಟು ತೊಡಿಸಿ, ಲೇಸು ಬಿಗಿದಳು. ಹೆಡ್‌ಮೇಡಂ ಎದ್ದು ನಿಂತು ಎರಡು ಹೆಜ್ಜೆ ಹಾಕಿದರು. "ಚೆನ್ನಾಗಿದೆಯಮ್ಮ. ಸಾಕು, ಬಿಡು."

ಅವರ ಮೊಣಕಾಲು ನೆನೆದು ಅವಳು ಸುಮ್ಮನಾಗಬಹುದಿತ್ತು. ಕೊನೆಗೆ ಅವಳೇ ಅಂದಳು: "ತೊಟ್ಟಿ ಮುಟ್ಟಿ ಬನ್ನಿ ಮೇಡಂ. ಆಗದಿದ್ರೆ ತಿರುವಿನವರೆಗೂ."

"ಹೆಡ್‌ಮಿಸ್ಟ್ರೆಸ್ ನಾನಾ, ನೀನಾ?" ಎಂದು ಗದರಿ, ಅವರು ಊರುಗೋಲು ಎತ್ತಿಕೊಂಡು ಹೊರಟರು.

ಕಲ್ಲಿನ ಮೇಲೆ ಹೊಸ ಅಟ್ಟೆಯ ಸದ್ದು ಎದ್ದಿತು. ಎಷ್ಟೋ ದಿನದಿಂದ ಎಂಜಿನ್ನುಗಳ ಕೆಳಗೆ ಹೂತುಹೋಗಿದ್ದ ಸದ್ದು. ಬಟ್ಟೆ ಮಾವ ಗಜಕೋಲು ಹೆಗಲಿಗೇರಿಸಿ ಬಾಗಿಲಿಗೆ ಬಂದರು. ಕನ್ನಡಕದವರು ಬಂದರು. ಬ್ರೆಡ್ಡಿನಂಗಡಿಯಾಕೆ ಹಿಟ್ಟಿನ ಕೈಯಲ್ಲೇ ಬಂದಳು. ಅಪ್ಪ ಹೊಸ್ತಿಲಲ್ಲಿ ಕಣ್ಣು ಮುಚ್ಚಿ ಕೂತರು. ಅಳತೆ ಅಕ್ಕನಿಗೆ ಮಾತ್ರ ನೋಡುವುದಕ್ಕೂ ಧೈರ್ಯವಿಲ್ಲ, ನೋಡದಿರುವುದಕ್ಕೂ ಧೈರ್ಯವಿಲ್ಲ.

ತಿರುವಿನಲ್ಲಿ ಹೆಡ್‌ಮೇಡಂ ನಿಂತರು. ಇಲ್ಲಿಗೆ ಸಾಕು ಎನ್ನುತ್ತಾರೆ ಎಂದುಕೊಂಡಳು. ಅವರು ಉಸಿರು ತೆಗೆದುಕೊಂಡು, ಉಬ್ಬುಕಲ್ಲುಗಳ ಮೇಲೆ ಕಾಲಿಟ್ಟು, ಮುಂದೆ ಹೋದರು. ತೊಟ್ಟಿಯ ಅಂಚನ್ನು ಕೈಯಿಂದ ತಟ್ಟಿದ್ದು ಕೆಳಗಿನವರೆಗೂ ಕಂಡಿತು. ಇಳಿಯುತ್ತಾ ಬಂದರು. ಎಡ, ಬಲ, ಎಡ, ಬಲ. ಎರಡು ಸದ್ದಿಗೂ ವ್ಯತ್ಯಾಸವಿರಲಿಲ್ಲ.

ಅವಳು ಬಟ್ಟೆ ಮಾವನ ಬಾಯನ್ನೇ ನೋಡುತ್ತಿದ್ದಳು. ಎಂಥ ಬೂಟಿನಲ್ಲೂ ಒಂದು ತಪ್ಪು ಹೆಕ್ಕುವ ಬಾಯಿ ಅದು. ಮಾವ ಕತ್ತು ಚಾಚಿ ಹಿಮ್ಮಡಿ ನೋಡಿದರು, ಬಗ್ಗಿ ಅಟ್ಟೆ ನೋಡಿದರು. ಬಾಯಿ ತೆರೆದರು. ಮುಚ್ಚಿದರು. ಗಜಕೋಲನ್ನು ಹೆಗಲಿಂದಿಳಿಸಿ ನೆಲಕ್ಕೂರಿ, ದಾರಿ ಬಿಟ್ಟು ನಿಂತರು. ಕನ್ನಡಕದವರೂ ಸುಮ್ಮನಿದ್ದರು. ಇಡೀ ಬೀದಿ ಸುಮ್ಮನಿತ್ತು.

ಅಪ್ಪ ಕಣ್ಣು ತೆರೆಯಲಿಲ್ಲ. "ಮಗಳೇ" ಎಂದರು, "ಹಳೇದನ್ನ ಡಬ್ಬಿಗೆ ಹಾಕು."

ಅವಳು ಒಳಗೆ ಹೋಗಿ, ಒಂದು ಕಡೆ ವಾಲಿದ್ದ ಹಳೆಯ ಜೊತೆಯನ್ನು ಎತ್ತಿಕೊಂಡಳು. ಅಪ್ಪ ಕೈ ನಡುಗದ ಕಾಲದಲ್ಲಿ ಹೊಲಿದದ್ದು, ಹೊಲಿಗೆಯೊಂದೂ ಬಿಟ್ಟಿರಲಿಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಗಿಟ್ಟಳು. ಮಾಲ್‌ನವರಿಗೆ ಸಂಜೆ ಹೇಳುವುದೆಂದಿದ್ದ ಉತ್ತರವನ್ನು ಆಗಲೇ ಫೋನಿನಲ್ಲಿ ಹೇಳಿಬಿಟ್ಟಳು.

"ಜಾಗ ಸಣ್ಣದಾಯ್ತಾ ಮೇಡಂ?" ಎಂದು ಆ ಕಡೆಯಿಂದ ಕೇಳಿದರು.

"ಹೌದು ಸಾರ್" ಎಂದಳು ಅಳತೆ ಅಕ್ಕ, ಬಾಗಿಲಾಚೆಗಿನ ಏರುದಾರಿ ನೋಡುತ್ತಾ. "ನಮ್ಮ ಅಂಗಡಿ ತೊಟ್ಟಿವರೆಗೂ ಇದೆ."